ಪತ್ತನಾಜೆಗೆ ಒಂದು ವಾರ ಮೊದಲು ಗನ್ಸ್ ಎನ್ ರೋಸಸ್

ಉಡುಪಿ ಕಡೆ ಮೈಕ್‌ಸೆಟ್ ಇಟ್ಟುಕೊಂಡವನು ಮೇ ತಿಂಗಳಲ್ಲಿ ಊರು ಬಿಡಬಾರದು. ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ ಬಂದರೆ ದೈವದ ಕೋಲ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತದೆ. ಅದಕ್ಕೆ ಮೊದಲಿನ ವಾರಗಳಲ್ಲೇ ನಮಗೆ ಉಸಿರಾಡಲೂ ಪುರುಸೊತ್ತಿಲ್ಲದಷ್ಟು ಕೆಲಸ. 2025ರ ಮೇ 17, ಶನಿವಾರ, ಮುಂಬೈಯಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್ ಕಾರ್ಯಕ್ರಮ ಅಂತ ಗೊತ್ತಾದಾಗ ಮೊದಲು ಡೈರಿ ತೆಗೆದೆ. ಆ ದಿನ ಒಂದು ಮದುವೆ, ಒಂದು ಕೋಲ. ಮದುವೆಯನ್ನು ಗೆಳೆಯನಿಗೆ ದಾಟಿಸಿದೆ. ಕೋಲಕ್ಕೆ ನಮ್ಮ ಹುಡುಗನನ್ನೇ ಕಳಿಸಿದೆ.

ಈ ಬ್ಯಾಂಡ್ 2012ರಲ್ಲಿ ಬೆಂಗಳೂರಿಗೇ ಬಂದಿತ್ತು. ಆಗ ಕೈಯಲ್ಲಿ ದುಡ್ಡಿರಲಿಲ್ಲ, ಬ್ಯಾಂಡಿನಲ್ಲಿ ಗಿಟಾರಿನ ಸ್ಲ್ಯಾಶ್ ಇರಲಿಲ್ಲ. ಸ್ಲ್ಯಾಶ್, ಬೇಸ್ ಗಿಟಾರಿನ ಡಫ್ ಇಬ್ಬರೂ ಹಾಡುಗಾರ ಆಕ್ಸಲ್ ರೋಸ್ ಜೊತೆ ಮತ್ತೆ ಸೇರಿದ್ದು 2016ರಲ್ಲಿ. ಚೆಂಡೆಯವರು ಯಕ್ಷಗಾನ ಮೇಳ ಬಿಟ್ಟು ಹೋದ ಮೇಲೆ ಪದ ಹಾಡುವ ಭಾಗವತರೊಬ್ಬರನ್ನೇ ನೋಡಲು ಯಾರು ಹೋಗುತ್ತಾರೆ, ಅಲ್ವಾ?

1987ರ ಅವರ ಮೊದಲ ಆಲ್ಬಂ ನನಗೆ ಸಿಕ್ಕಿದ್ದು ಹತ್ತು ವರ್ಷ ತಡವಾಗಿ, ಮಣಿಪಾಲದ ಹಾಸ್ಟೆಲ್ ಹುಡುಗನೊಬ್ಬ ರಿಪೇರಿಗೆ ಕೊಟ್ಟ ಟೇಪ್‌ರೆಕಾರ್ಡರ್ ಒಳಗೆ. ಟೇಪ್‌ರೆಕಾರ್ಡರ್ ವಾಪಸ್ ಕೊಟ್ಟೆ. ಕ್ಯಾಸೆಟ್ ವಿಷಯ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಮತ್ಸ್ಯಗಂಧ ರೈಲು ಹತ್ತಿದೆ. ಮೇ ರಜೆ, ರೈಲು ತುಂಬಿ ತುಳುಕುತ್ತಿತ್ತು. ಬೆಳಿಗ್ಗೆ ಕುರ್ಲಾದಲ್ಲಿ ಇಳಿದು ಚೆಂಬೂರಿನ ಮಾವನ ಮನೆಗೆ ಹೋದೆ. ಮಾವನಿಗೆ ಒಂದೇ ಚಿಂತೆ. "ಅಷ್ಟು ದುಡ್ಡು ಕೊಟ್ಟು ನಿಂತು ನೋಡುವುದಾ ಮಾರಾಯ? ಕುರ್ಚಿ ಇಲ್ವಾ?"

"ಇಲ್ಲ ಮಾವ."

"ಚಾಪೆ ಆದರೂ ತಗೊಂಡು ಹೋಗು."

ಚಾಪೆ ಒಯ್ಯಲಿಲ್ಲ. ದಾದರ್‌ನಲ್ಲಿ ಲೋಕಲ್ ಬದಲಿಸಿ ಮಹಾಲಕ್ಷ್ಮಿಯಲ್ಲಿ ಇಳಿದೆ. ಕಾರ್ಯಕ್ರಮ ಅಲ್ಲಿನ ರೇಸ್‌ಕೋರ್ಸ್ ಬಯಲಿನಲ್ಲಿ. ಜನ ಓಡಿ ಓಡಿ ಸ್ಟೇಜಿನ ಮುಂದೆ ಸೇರುತ್ತಿದ್ದರು. ನಾನು ನೋಡಿದ್ದು ಸೌಂಡ್ ಮಿಕ್ಸರ್ ಎಲ್ಲಿದೆ ಅಂತ. ಸ್ಟೇಜಿಗೆ ಎದುರಾಗಿ ದೂರದಲ್ಲಿ ಅದರ ಕಟ್ಟೆ ಇತ್ತು. ಅದರ ಬೇಲಿಗೆ ಒರಗಿ ನಿಂತುಬಿಟ್ಟೆ. ಸೌಂಡಿನವನು ಎಲ್ಲವನ್ನೂ ಹದ ಮಾಡುವುದು ತನ್ನ ಕಿವಿಗೆ ಕೇಳಿಸಿದ ಹಾಗೆ. ಅವನ ಹತ್ತಿರ ನಿಂತವನಿಗೆ ಅದೇ ಹದ ಸಿಗುತ್ತದೆ. ಸ್ಟೇಜಿಗೆ ಅಂಟಿಕೊಂಡರೆ ಕೆಳಗಿನ ಸಬ್‌ವೂಫರ್ ಎದೆಗೆ ಗುದ್ದುತ್ತದೆ, ಮೇಲೆ ತೂಗುಹಾಕಿದ ಸ್ಪೀಕರಿನ ಹಾಡು ತಲೆ ಮೇಲೆ ಹಾರಿ ಹೋಗುತ್ತದೆ. ಮುಖ ಹತ್ತಿರದಿಂದ ನೋಡಲೇಬೇಕು ಅನ್ನುವವರು ಮುಂದೆ ಹೋಗಲಿ. ನಾನು ಕೇಳಲು ಹೋದವನು.

ನಿಂತ ಜಾಗ ಸ್ಟೇಜಿನಿಂದ ಅಂದಾಜು ಎಪ್ಪತ್ತು ಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನನ್ನಲ್ಲಿಗೆ ಬರಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಡ್ರಮ್ಮಿನ ಕೋಲು ಬಿದ್ದದ್ದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ. ಜಾತ್ರೆಯಲ್ಲಿ ಗರ್ನಾಲು ಪಟಾಕಿಯ ಹೊಗೆ ಕಂಡ ಮೇಲೆ ಸದ್ದು ಬರುತ್ತದಲ್ಲ, ಹಾಗೆ.

ಕಿವಿಗೆ ಸ್ಪಂಜಿನ ಇಯರ್‌ಪ್ಲಗ್ ಹಾಕಿದ್ದೆ. ಪಕ್ಕದ ಹುಡುಗ ನೋಡಿ ನಕ್ಕ. ನಗಲಿ. ಕಿವಿಯೇ ನಮ್ಮ ಅನ್ನ. ಆದರೆ ಸ್ಪಂಜಿನದ್ದಕ್ಕೆ ಒಂದು ದೋಷವಿದೆ. ಅದು ಕೆಳಗಿನ ಬೇಸಿಗಿಂತ ಮೇಲಿನ ಸ್ವರವನ್ನೇ ಜಾಸ್ತಿ ನುಂಗುತ್ತದೆ. ಡ್ರಮ್ಮಿನ ಜೊತೆಗಿನ ಸಿಂಬಲ್ ತಟ್ಟೆ ಎಲ್ಲ ಗೋಣಿ ಹೊದೆಸಿದ ಹಾಗೆ ಕೇಳಿಸುತ್ತಿತ್ತು.

ಆಕ್ಸಲ್‌ಗೆ ಆಗ 63. ಸುಳ್ಳು ಯಾಕೆ ಹೇಳಲಿ, ಕ್ಯಾಸೆಟ್ಟಿನ ಗಂಟಲು ಈಗಿಲ್ಲ. ಏರುಸ್ವರಕ್ಕೆ ಹೋದಾಗಲೆಲ್ಲ ದನಿ ತೆಳ್ಳಗಾಗುತ್ತಿತ್ತು. ಅಂಥ ಕಡೆ ಗಿಟಾರ್ ಒಂಚೂರು ಹಿಂದೆ ಸರಿದ ಹಾಗೆ ನನಗೆ ಕೇಳಿಸಿತು. ವಯಸ್ಸಾದ ಭಾಗವತರು ಕೂತ ರಾತ್ರಿ ನಾವೂ ಇದನ್ನೇ ಮಾಡುತ್ತೇವೆ. ಅವರು ಪದ ಎತ್ತುವ ಹೊತ್ತಿಗೆ ಚೆಂಡೆಯ ಮೈಕನ್ನು ಕೂದಲಷ್ಟು ಇಳಿಸುತ್ತೇವೆ. ಯಾರಿಗೂ ಗೊತ್ತಾಗಬಾರದು, ಭಾಗವತರಿಗಂತೂ ಗೊತ್ತಾಗಲೇಬಾರದು. ಗಂಟಲು ಸೋತರೂ ಪದ ಎಲ್ಲಿ ಎತ್ತಬೇಕು, ಎಲ್ಲಿ ಬಿಡಬೇಕು ಅನ್ನುವ ಲೆಕ್ಕ ಅವರಲ್ಲಿ ಸೋತಿರುವುದಿಲ್ಲ. ಆಕ್ಸಲ್‌ನಲ್ಲೂ ಅದು ಹಾಗೇ ಇತ್ತು.

ನವೆಂಬರ್ ರೇನ್ ಹಾಡಿಗೆ ಆಕ್ಸಲ್ ಪಿಯಾನೊ ಮುಂದೆ ಕೂತ. ಸ್ಲ್ಯಾಶ್ ಗಿಟಾರ್ ಎತ್ತುತ್ತಾನೆ ಅಂತ ಗೊತ್ತಾದ ಕೂಡಲೇ ಎರಡೂ ಪ್ಲಗ್ ಕಿತ್ತು ಜೇಬಿಗೆ ಹಾಕಿದೆ. ಕ್ಯಾಸೆಟ್‌ಗಳಲ್ಲಿ ಇಷ್ಟು ವರ್ಷ ನಾನು ಕೇಳಿದ್ದು ತಂತಿಯ ಸದ್ದು ಮಾತ್ರ. ಇಲ್ಲಿ ಬೆರಳು ತಂತಿಯನ್ನು ಎಳೆದು, ಬಗ್ಗಿಸಿ, ಆಮೇಲೆ ಬಿಡುವುದೂ ಕೇಳಿಸಿತು. ನಕ್ಕ ಹುಡುಗ ಕಣ್ಣು ಮುಚ್ಚಿ ನಿಂತಿದ್ದ. ನಾನು ಮಿಕ್ಸರ್ ಕಡೆ ನೋಡುವುದನ್ನೇ ಮರೆತೆ.

ಪ್ಲಗ್‌ನಲ್ಲಿ ಒಂದು ಜೇಬಿನಿಂದ ಬಿದ್ದುಹೋಗಿತ್ತು. ಉಳಿದ ಹಾಡುಗಳನ್ನು ಎಡಗಿವಿ ಮಾತ್ರ ಮುಚ್ಚಿ ಕೇಳಿದೆ. ಬಲಗಿವಿ ಮರುದಿನ ಸಂಜೆವರೆಗೂ ಗುಂಯ್ ಅನ್ನುತ್ತಿತ್ತು. ನೀವು ಹೋಗುವುದಾದರೆ ಎರಡು ಜೊತೆ ಇಟ್ಟುಕೊಳ್ಳಿ.

ಸೋಮವಾರ ಬೆಳಿಗ್ಗೆ ಇಂದ್ರಾಳಿಯಲ್ಲಿ ಇಳಿದಾಗ ನಮ್ಮ ಹುಡುಗ ಪಿಕಪ್ ತಂದು ನಿಲ್ಲಿಸಿದ್ದ. ಹಿಂದೆ ಬಾಕ್ಸ್, ಕೇಬಲ್, ಜನರೇಟರ್ ಎಲ್ಲ ತುಂಬಿತ್ತು. ಆ ರಾತ್ರಿ ಮತ್ತೊಂದು ಕೋಲ.