ಮಷೀನ್ ಎಲ್ಲಿಟ್ರಿ, ಯಾವ ತಿಂಗಳು ಹೋದ್ರಿ, ಯಾರನ್ನ ಕೇಳಿದ್ರಿ: ಗೋವಾದಲ್ಲಿ ಇಐಎ ಕೆಲಸದ ನನ್ನ ಅನುಭವ

ನಾನು ಧಾರವಾಡದವಳು, ಈಗ ಗೋವಾದಲ್ಲಿ ಒಂದು ಎನ್ವಿರಾನ್ಮೆಂಟ್ ಕನ್ಸಲ್ಟೆನ್ಸಿಯಲ್ಲಿ ಕೆಲಸ. ಯಾರಾದ್ರೂ ಫ್ಯಾಕ್ಟರಿನೋ ಗಣಿನೋ ಇಂಡಸ್ಟ್ರಿಯಲ್ ಏರಿಯಾನೋ ಮಾಡ್ತೀವಿ ಅಂದಾಗ ಅದರಿಂದ ಅಲ್ಲಿನ ಗಾಳಿ, ನೀರು, ಗಿಡ, ಜನ ಇವಕ್ಕೆಲ್ಲ ಏನಾಗುತ್ತೆ ಅಂತ ಮುಂಚೇನೇ ಅಂದಾಜು ಹಾಕಿ ರಿಪೋರ್ಟ್ ಕೊಡೋದು, ಇಐಎ ಅಂತಾರಲ್ಲ, ಅದು. ನಮ್ಮ ಕಡೆಯ ಎಂಎಸ್ಸಿ ಹುಡುಗ ಹುಡುಗಿಯರು ಕೇಳ್ತಿರ್ತಾರೆ, ರಿಪೋರ್ಟ್ ಹೆಂಗೆ ಬರೀಬೇಕು, ಯಾವ ಸಾಫ್ಟ್‌ವೇರ್ ಕಲೀಬೇಕು ಅಂತ. ಸಾಫ್ಟ್‌ವೇರ್ ಯಾರಾದ್ರೂ ಕಲಿಸ್ತಾರೆ. ಆದ್ರೆ ನಾವು ಮಷೀನ್ ಇಟ್ಟ ಜಾಗ, ಹೋದ ತಿಂಗಳು, ತಟ್ಟಿದ ಬಾಗಿಲು, ಈ ಮೂರರಲ್ಲೇ ಆ ರಿಪೋರ್ಟಿನ ಹಣೆಬರಹ ಬರೆದು ಆಗಿರುತ್ತೆ. ಅದರ ಬಗ್ಗೆನೇ ಬರೀತಿದೀನಿ.

ಕಾನೂನಿನ ವಿಷಯ ಬೇಗ ಮುಗಿಸ್ತೀನಿ. 1986ರ ಪರಿಸರ ಸಂರಕ್ಷಣಾ ಕಾಯ್ದೆ, ಅದರ ಕೆಳಗೆ 2006 ಸೆಪ್ಟೆಂಬರ್ 14ರ ನೋಟಿಫಿಕೇಶನ್. ಎ ಕ್ಯಾಟಗರಿ, ಅಂದ್ರೆ ದೊಡ್ಡ ಪ್ರಾಜೆಕ್ಟುಗಳ ಫೈಲು ದಿಲ್ಲಿಯ ಪರಿಸರ ಸಚಿವಾಲಯಕ್ಕೆ, ಬಿ ಕ್ಯಾಟಗರಿ ರಾಜ್ಯದ ಅಥಾರಿಟಿಗೆ. ಸ್ಕ್ರೀನಿಂಗ್ (ಸ್ಟಡಿ ಬೇಕಾ ಅಂತ ನೋಡೋದು), ಸ್ಕೋಪಿಂಗ್ (ಏನೇನು ಸ್ಟಡಿ ಅಂತ ಗೊತ್ತುಮಾಡೋದು), ಪಬ್ಲಿಕ್ ಹಿಯರಿಂಗ್ (ಜನರ ಅಹವಾಲು ಕೇಳೋ ಸಭೆ), ಅಪ್ರೈಸಲ್ (ಕಮಿಟಿಯ ಪರಿಶೀಲನೆ), ಇದು ದಾರಿ. ಸ್ಕೋಪಿಂಗಲ್ಲಿ ತಜ್ಞರ ಕಮಿಟಿಯವರು ಇಂಥಿಂಥದ್ದು ಸ್ಟಡಿ ಮಾಡಿ ಅಂತ ಪಟ್ಟಿ, ಅಂದ್ರೆ ಟಿಓಆರ್ ಕೊಡ್ತಾರೆ, ಸಾಮಾನ್ಯವಾಗಿ ಸೈಟಿನ ಸುತ್ತ 10 ಕಿಮೀ ಸ್ಟಡಿ ಏರಿಯಾ. ನಮಗೆ ಫೀಸ್ ಕೊಡೋದು ಮಾತ್ರ ಪ್ರಾಜೆಕ್ಟ್ ಮಾಡೋ ಕಂಪನಿನೇ. ಈ ವ್ಯವಸ್ಥೆಯ ದೊಡ್ಡ ಕೊರತೆ ಇದು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಅದಕ್ಕೇ ಫೀಲ್ಡಿನಲ್ಲಿ ಕೆಲಸ ಮಾಡೋರು ಇನ್ನೂ ಬಿಗಿಯಾಗಿರ್ಬೇಕು.

ಒಂದು ಪ್ರಾಜೆಕ್ಟ್ ಇಟ್ಕೊಂಡು ಹೇಳ್ತೀನಿ. ದಕ್ಷಿಣ ಗೋವಾದಲ್ಲಿ ಒಂದು ಸಡಾ ಮೇಲೆ ಇಂಡಸ್ಟ್ರಿಯಲ್ ಕೆಲಸ ಬರೋದಿತ್ತು. ಸಡಾ ಅಂದ್ರೆ ಚಿರೆಕಲ್ಲಿನ ಬಯಲು, ಎತ್ತರದಲ್ಲಿ ಚಪ್ಪಟೆಯಾಗಿ ಹರಡಿರುತ್ತೆ, ಮಂಗಳೂರು ಕಡೆಯವರು ಪದವು ಅಂತಾರೆ. ಕೆಳಗೆ ಒಂದು ಕಡೆ ಹಳೇ ಗೋವನ್ ಹಳ್ಳಿ, ತೆಂಗು, ಬಾವಿ, ಗದ್ದೆ. ಇನ್ನೊಂದು ಕಡೆ ರಸ್ತೆ ಪಕ್ಕ ನಮ್ಮವರ ವಸ್ತಿ, ಬಾಗಲಕೋಟಿ, ವಿಜಯಪುರ, ಗದಗ, ಕೊಪ್ಪಳದಿಂದ ಗೌಂಡಿ ಕೆಲಸಕ್ಕೆ, ಲೋಡಿಂಗ್ ಕೆಲಸಕ್ಕೆ ಬಂದು ಬಾಡಿಗೆ ಖೋಲಿಗಳಲ್ಲಿ ಇರೋ ಜನ.

ಮೊದಲು ಗಾಳಿ. ಪಿಎಂ10, ಪಿಎಂ2.5 ಅನ್ನೋ ಸಣ್ಣ ಧೂಳಿನ ಕಣಗಳು, ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಅಳೀಬೇಕು, ವಾರಕ್ಕೆ ಎರಡು ದಿನದಂತೆ 12 ವಾರ, ಪ್ರತಿ ಸಲ 24 ಗಂಟೆ. ಗಾಳಿ ಎಳ್ಕೊಂಡು ಅಳೆಯೋ ಸ್ಯಾಂಪ್ಲರಿಗೆ ಕರೆಂಟ್ ಬೇಕು, ಮಷೀನ್ ಕಳುವಾಗಬಾರದು, ಸುತ್ತ ಮರದ ಅಡ್ಡ ಇರಬಾರದು, ನೆಲದಿಂದ ಮೂರು ಮೀಟರಾದ್ರೂ ಮೇಲೆ ಇರ್ಬೇಕು. ಹಂಗಾಗಿ ಎಲ್ಲರಿಗೂ ಸುಲಭವಾಗಿ ಕಾಣೋದು ವಾಚ್‌ಮನ್ ಇರೋ ಕಾಂಪೌಂಡು, ಗೆಸ್ಟ್‌ಹೌಸು, ಪಂಚಾಯ್ತಿ ಆಫೀಸಿನ ತಾರಸಿ. ನಾನು ಮೊದಲು ನೋಡೋದು ವಿಂಡ್ ರೋಸ್, ಅಂದ್ರೆ ಯಾವ ದಿಕ್ಕಿಂದ ಎಷ್ಟು ಗಾಳಿ ಬೀಸುತ್ತೆ ಅಂತ ತೋರಿಸೋ ಚಿತ್ರ. ಕರಾವಳಿಯಲ್ಲಿ ಹಗಲು ಸಮುದ್ರದ ಕಡೆಯಿಂದ ಗಾಳಿ, ರಾತ್ರಿ ನೆಲದ ಕಡೆಯಿಂದ ಸಮುದ್ರಕ್ಕೆ. ಅಂದ್ರೆ ಹಗಲು ಸೈಟಿನ ಧೂಳು ತಟ್ಟದ ಕಡೆ ಇರೋ ಹಳ್ಳಿನೇ ರಾತ್ರಿ ಧೂಳು ಬರೋ ಕಡೆ ಆಗ್ಬಿಡುತ್ತೆ. ಇದನ್ನ ಬಿಟ್ಟು ಬರೀ ಮ್ಯಾಪ್ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಚುಕ್ಕೆ ಇಟ್ರೆ ಎವರೇಜು ಚೆನ್ನಾಗಿ ಬರುತ್ತೆ, ಆದ್ರೆ ಅಲ್ಲಿ ಉಸಿರಾಡೋ ಜನರಿಗೂ ಆ ಎವರೇಜಿಗೂ ಸಂಬಂಧ ಇರಲ್ಲ.

ನಮ್ಮವರ ವಸ್ತಿಯಲ್ಲಿ ಒಂದು ಸ್ಟೇಷನ್ ಬೇಕೇ ಬೇಕು ಅಂತ ನಾನು ಹಠ ಹಿಡಿದೆ. ತಾರಸಿ ಇರೋ ಮನೆ ಸಿಗೋದು ಕಷ್ಟ, ಎಲ್ಲಾ ಪತ್ರಾಸಿನ ಮನೆಗಳು. ಕೊನೆಗೆ ಕಿರಾಣಿ ಅಂಗಡಿ ಇಟ್ಟಿರೋ ಹುನಗುಂದದ ಕಡೆಯ ಒಬ್ಬ ಅಣ್ಣಾವ್ರು ತಮ್ಮ ತಾರಸಿ ಕೊಟ್ರು, ಕರೆಂಟ್ ಬಿಲ್ ನಾವು ಕೊಡ್ತೀವಿ ಅಂದ್ವಿ. ಅಲ್ಲೇ ಪಕ್ಕದ ಮನೆಯ ಒಬ್ಬ ಅವ್ವ ಹೇಳಿದ್ದು, "ಅಕ್ಕಾರ, ಹಗಲೊತ್ತು ಬಂದು ಏನ್ ನೋಡ್ತೀರಿ, ರಾತ್ರಿ ಹನ್ನೊಂದರ ಮ್ಯಾಲೆ ಲಾರಿ ಸಾಲಹಿಡಿದು ಹೊಕ್ಕಾವು, ಹಾಸಿಗಿ ಮ್ಯಾಲೂ ಧೂಳ, ಹುಡುಗೂರು ನಿದ್ದಿ ಇಲ್ಲ." ಪ್ರಾಜೆಕ್ಟ್ ಇನ್ನೂ ಶುರುನೇ ಆಗಿಲ್ಲ, ಈಗಿರೋ ಲಾರಿಗಳೇ ಇಷ್ಟು ತ್ರಾಸು ಕೊಡ್ತಿದ್ವು. ಪಿಎಂ10ಗೆ 24 ಗಂಟೆಯ ಮಿತಿ ಒಂದು ಘನ ಮೀಟರಿಗೆ 100 ಮೈಕ್ರೋಗ್ರಾಂ. ಫಿಲ್ಟರ್ ಪೇಪರನ್ನ ಎಂಟೆಂಟು ಗಂಟೆಗೆ ಬದಲಾಯಿಸ್ತೀವಲ್ಲ, ಆ ಮೂರು ಪಾಳಿಯ ಲೆಕ್ಕ ಬೇರೆ ಬೇರೆ ಇಟ್ಟಾಗ ರಾತ್ರಿ ಪಾಳಿ ಹಗಲಿಗಿಂತ ಮೇಲೆ ಬಂತು, ಅದನ್ನ 24 ಗಂಟೆಯ ಒಂದೇ ಅಂಕಿಯಲ್ಲಿ ಮುಚ್ಚಿಹಾಕದೆ ಪಾಳಿವಾರು ಟೇಬಲ್ ಆಗೇ ರಿಪೋರ್ಟಿಗೆ ಹಾಕಿದ್ವಿ. ಶಬ್ದಕ್ಕೂ ಹಂಗೇ, ವಾಸದ ಏರಿಯಾಗೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45, ಆದ್ರೆ ರಾತ್ರಿ ಮೀಟರ್ ಹಿಡ್ಕೊಂಡು ರಸ್ತೆ ಪಕ್ಕ ಕೂರೋರು ಬೇಕಲ್ಲ. ನಾವು ಕೂತ್ವಿ. ಆ ಅವ್ವ ಹೇಳಿದ್ದು ಅಕ್ಷರಶಃ ನಿಜ ಇತ್ತು.

ಈಗ ಸಡಾ ವಿಷಯಕ್ಕೆ ಬರ್ತೀನಿ, ನನಗೆ ಬಹಳ ಹತ್ತಿರದ ವಿಷಯ ಇದು. ಟಿಓಆರಿನಲ್ಲಿ ಸಾಮಾನ್ಯವಾಗಿ ಕೇಳೋದು ಒಂದು ಸೀಸನ್ನಿನ ಡೇಟಾ, ಮಳೆಗಾಲ ಬಿಟ್ಟು. ಗಾಳಿ ಅಳೆಯೋಕೆ ಅದು ಸರಿ, ಮಳೆಯಲ್ಲಿ ಧೂಳೆಲ್ಲ ತೊಳೆದು ಹೋಗಿರುತ್ತೆ. ಆದ್ರೆ ಸಡಾಗೆ ಏಪ್ರಿಲ್‌ನಲ್ಲಿ ಹೋಗಿ ನೋಡಿ, ಕರೀ ಕಲ್ಲು, ಒಣಗಿದ ಹುಲ್ಲು, ಅಷ್ಟೇ. ಸ್ಯಾಟಲೈಟ್ ಮ್ಯಾಪಲ್ಲಿ ಬರಡು ಭೂಮಿ ಅಂತ ಬಣ್ಣ ಬಂದಿರುತ್ತೆ. ಅದೇ ಜಾಗಕ್ಕೆ ಆಗಸ್ಟಲ್ಲಿ ಹೋದ್ರೆ ಕಲ್ಲಿನ ತಗ್ಗುಗಳಲ್ಲೆಲ್ಲ ನೀರು ನಿಂತು ಎರಿಯೊಕಾಲನ್ ಬಿಳಿ ಹೂವು ಹಾಸಿರುತ್ತೆ, ಯುಟ್ರಿಕ್ಯುಲೇರಿಯಾ ಇರುತ್ತೆ, ಮಣ್ಣಿನಲ್ಲಿ ಸಾರ ಕಡಿಮೆ ಅಂತ ಸಣ್ಣ ಸಣ್ಣ ಜೀವಿಗಳನ್ನ ಹಿಡಿದು ತಿನ್ನೋ ಗಿಡ, ಸಾತಾರಾದ ಕಾಸ್ ಪಠಾರದಲ್ಲಿ ಮರಾಠಿಯವರು ಸೀತೇಚಿ ಆಸವೆ ಅಂತಾರಲ್ಲ ಅದೇ ಜಾತಿ. ಕಾಸ್ 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ಅಲ್ಲಿಗೆ ಜನ ಟಿಕೆಟ್ ತಗೊಂಡು ಹೂ ನೋಡೋಕೆ ಹೋಗ್ತಾರೆ, ಅದೇ ಥರದ ಕಲ್ಲು ಗೋವಾದಲ್ಲಿದ್ರೆ ಬರಡು. ಮಳೆ ನಿಂತ ಕೆಲವೇ ವಾರಕ್ಕೆ ಈ ಗಿಡಗಳೆಲ್ಲ ಬೀಜ ಉದುರಿಸಿ ಮಾಯ. ಬೇಸಿಗೆಯ ಸರ್ವೆಯಲ್ಲಿ ಇವು ಸಿಗೋದೇ ಇಲ್ಲ, ಸಿಗದೇ ಇರೋದು ಇಲ್ಲ ಅಂತ ದಾಖಲಾಗಿಬಿಡುತ್ತೆ.

ಅದಕ್ಕೆ ನಮ್ಮ ಟೀಮಿನ ಇಕಾಲಜಿಸ್ಟ್ ಜೊತೆ ಮಾತಾಡಿ, ಟಿಓಆರ್ ಕೇಳದಿದ್ರೂ ಮಳೆಗಾಲದ ಸರ್ವೆ ಸೇರಿಸ್ಬೇಕು ಅಂತ ಪ್ರಪೋಸಲ್‌ನಲ್ಲೇ ಬರೆದ್ವಿ. ಕಂಪನಿಯವರು ಲೇಟಾಗುತ್ತೆ ಅಂದ್ರು. ನಾನು ಮೋಪಾ ಕೇಸಿನ ಕಾಗದ ಮುಂದಿಟ್ಟೆ. ಉತ್ತರ ಗೋವಾದ ಆ ಏರ್‌ಪೋರ್ಟಿಗೆ 2015ರಲ್ಲಿ ಕ್ಲಿಯರೆನ್ಸ್, ಅಂದ್ರೆ ಪರಿಸರ ಅನುಮತಿ ಸಿಕ್ಕಿತ್ತು, ಅದೂ ಸಡಾ ಮೇಲೇ, ಅರ್ಜಿಯ ಫಾರ್ಮ್ 1ರಲ್ಲಿ ಹೇಳಬೇಕಾದ ಸಂಗತಿಗಳನ್ನ ಹೇಳಿಲ್ಲ ಅಂತ ಸುಪ್ರೀಂ ಕೋರ್ಟು 2019 ಮಾರ್ಚಲ್ಲಿ ಆ ಕ್ಲಿಯರೆನ್ಸನ್ನ ಅಮಾನತಲ್ಲಿಟ್ಟು ಕಮಿಟಿಗೆ ಮತ್ತೆ ಕಳಿಸ್ತು, 2020 ಜನವರಿಯಲ್ಲಿ ಷರತ್ತುಗಳ ಜೊತೆ ಆ ಅಮಾನತನ್ನ ತೆರವು ಮಾಡ್ತು. ಒಂದು ಮಳೆಗಾಲ ಕಾಯೋದು ಅಗ್ಗ ಅಂತ ಅವರಿಗೇ ಅರ್ಥ ಆಯ್ತು. ಸರ್ವೆ ಆಯ್ತು, ನೀರು ನಿಲ್ಲೋ ಜಾಗಗಳನ್ನೆಲ್ಲ ಜಿಪಿಎಸ್ ಹಾಕಿ ಗುರುತಿಸಿದ್ವಿ, ಲೇಔಟ್ ಪ್ಲಾನ್ ಆ ಭಾಗದಿಂದ ಹಿಂದೆ ಸರೀತು.

ಸಡಾ ಇನ್ನೊಂದು ಕೆಲಸಾನೂ ಮಾಡುತ್ತೆ. ಮಳೆ ನೀರು ಆ ತೂತು ತೂತು ಕಲ್ಲಿನಲ್ಲಿ ಇಳಿದು, ಕೆಳಗಿನ ಜೇಡಿಮಣ್ಣಿಗೆ ತಾಗಿ, ಗುಡ್ಡದ ಬುಡದಲ್ಲಿ ಝರಿಯಾಗಿ ಹೊರಗೆ ಬರುತ್ತೆ. ಹಳ್ಳಿಯವರ ತೋಟ, ಬಾವಿ ಎಲ್ಲ ಅದರ ಮೇಲೆ. ಬಾವಿಗಳ ನೀರಿನ ಮಟ್ಟ ಮೇ ತಿಂಗಳಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಟೇಪ್ ಬಿಟ್ಟು ಅಳೆದ್ವಿ. ಝರಿಗೆ ದೊಡ್ಡ ಉಪಕರಣ ಏನೂ ಬೇಡ, ಅಳತೆ ಗೊತ್ತಿರೋ ಬಕೆಟ್, ಸ್ಟಾಪ್‌ವಾಚ್. ಮೇ ತಿಂಗಳ ಹರಿವು ಎಷ್ಟು ಅನ್ನೋದೇ ಮುಖ್ಯ, ಯಾಕಂದ್ರೆ ಮೇಲೆ ಕಾಂಕ್ರೀಟ್ ಬಿದ್ದ ಮೇಲೆ ಮೊದಲು ಸಾಯೋದು ಆ ಹರಿವು. ಹಳ್ಳಿಯವರು ಯಾವ ಬಾವಿ ಯಾವಾಗ ಬತ್ತುತ್ತೆ ಅಂತ ಬಾಯಲ್ಲೇ ಹೇಳ್ತಾರೆ, ಅವರು ಹೇಳಿದ್ದನ್ನ ಬರ್ಕೊಂಡು ಅಳತೆ ಜೊತೆ ಇಟ್ಟು ನೋಡಿ, ಬಹಳ ಹೊಂದುತ್ತೆ. ಗೋವಾದ ಗಣಿ ತಾಲೂಕುಗಳಲ್ಲಿ ಬಾವಿ ಬತ್ತಿದ ಜಗಳ ವರ್ಷಾನುಗಟ್ಟಲೆ ನಡೀತು, ಗಣಿಗಿಂತ ಮುಂಚಿನ ಇಂಥ ಲೆಕ್ಕ ಇದ್ದಿದ್ರೆ ಜನ ಅಷ್ಟು ಕಷ್ಟ ಪಡಬೇಕಿರಲಿಲ್ಲ.

ಇನ್ನು ಜನರ ಸರ್ವೆ. ಸೆನ್ಸಸ್ ಪುಸ್ತಕದಿಂದ ಹಳ್ಳಿಯ ಜನಸಂಖ್ಯೆ ಎತ್ತಿ ಹಾಕೋದು ಸುಲಭ. ನಮ್ಮಲ್ಲಿರೋ ಸೆನ್ಸಸ್ 2011ರದ್ದು, ಆಮೇಲೆ ಬಂದ ವಸ್ತಿ ಅದರಲ್ಲಿ ಹೆಂಗೆ ಇರುತ್ತೆ? ಜಮೀನಿಲ್ಲ, ಸ್ವಂತ ಮನೆ ಇಲ್ಲ, ಕೆಲವರ ವೋಟು ಇನ್ನೂ ಊರಲ್ಲೇ, ಹಂಗಾಗಿ ಬಾಧಿತರ ಪಟ್ಟಿಯಲ್ಲಿ ಹೆಸರೇ ಬರಲ್ಲ. ಆದ್ರೆ ಧೂಳು ಮೊದಲು ಬರೋದು ಅವರ ಮನೆಗೆ. ಇವರು ಬಾಡಿಗೆಯವರು, ಇವತ್ತಿರ್ತಾರೆ ನಾಳೆ ಹೋಗ್ತಾರೆ ಅಂತ ನಮ್ಮದೇ ಟೀಮಲ್ಲಿ ಒಬ್ಬರು ಅಂದಾಗ ನಾನು ಹೇಳಿದ್ದು ಇಷ್ಟೇ, ಖೋಲಿ ಖಾಲಿ ಆದ ಮರುದಿನ ಇನ್ನೊಂದು ಸಂಸಾರ ಬಂದಿರುತ್ತೆ, ಶ್ವಾಸಕೋಶ ಯಾರದಾದ್ರೇನು. ಸಂಜೆ ಏಳರ ಮೇಲೆ ಹೋಗಿ ಮನೆಮನೆ ಕೇಳಿದ್ವಿ, ಹಗಲು ಯಾರೂ ಇರಲ್ಲ. ಕನ್ನಡದಲ್ಲಿ ಕೇಳಿದ್ದರಿಂದ ಜನ ಮನಸು ಬಿಚ್ಚಿ ಮಾತಾಡಿದ್ರು, ಟ್ಯಾಂಕರ್ ನೀರಿನ ಖರ್ಚು, ಮಕ್ಕಳ ಕೆಮ್ಮು, ಫ್ಯಾಕ್ಟರಿ ಬಂದ್ರೆ ಕೆಲಸ ಸಿಗುತ್ತೇನ್ರಿ ಅನ್ನೋ ಆಸೆ, ಎಲ್ಲಾ. ಆ ಆಸೇನೂ ರಿಪೋರ್ಟಿಗೆ ಹಾಕಿದ್ವಿ, ಅದನ್ನ ಬಿಟ್ಟು ಬರೀ ತೊಂದರೆ ಬರೆದ್ರೆ ಅದೂ ಪೂರ್ತಿ ಸತ್ಯ ಅಲ್ಲ.

ಪಬ್ಲಿಕ್ ಹಿಯರಿಂಗ್ ನಡೆಸೋದು ರಾಜ್ಯದ ಪೊಲ್ಯೂಷನ್ ಬೋರ್ಡು, ಅಧ್ಯಕ್ಷತೆ ಕಲೆಕ್ಟರ್ ಅಥವಾ ಎಡಿಎಂ (ಅಡಿಷನಲ್ ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟ್) ಮಟ್ಟಕ್ಕೆ ಕಡಿಮೆ ಇಲ್ಲದ ಅಧಿಕಾರಿ, 30 ದಿನ ಮುಂಚೆ ಪೇಪರಲ್ಲಿ ನೋಟೀಸು. ಇಷ್ಟೇ ಜನ ಬರ್ಬೇಕು ಅಂತ ಕೋರಂ ಇಲ್ಲ. ರಿಪೋರ್ಟಿನ ಸಾರಾಂಶ ಇಂಗ್ಲಿಷಲ್ಲಿ ಮತ್ತೆ ಆ ರಾಜ್ಯದ ಭಾಷೆಯಲ್ಲಿ. ಗೋವಾದಲ್ಲಿ ಕನ್ನಡ ಹಾಕಲೇಬೇಕು ಅಂತ ಕಾನೂನಿಲ್ಲ. 2020ರಲ್ಲಿ ಇಐಎ ಕಾನೂನಿನ ಹೊಸ ಡ್ರಾಫ್ಟ್ ಬಂದಾಗ ದಿಲ್ಲಿ ಹೈಕೋರ್ಟು ಅದನ್ನ ಸಂವಿಧಾನದ ಎಂಟನೇ ಷೆಡ್ಯೂಲಿನ 22 ಭಾಷೆಗೂ ಅನುವಾದ ಮಾಡಿ ಅಂದಿತ್ತು, ಓದೋಕೆ ಬರದಿದ್ರೆ ಅಭಿಪ್ರಾಯ ಹೆಂಗೆ ಹೇಳ್ತಾರೆ ಅನ್ನೋದು ಅಲ್ಲಿನ ವಾದ, ಅದು ನಮ್ಮ ವಸ್ತಿಗೂ ಸಲ್ಲುತ್ತೆ. ಸಾರಾಂಶದ ಕನ್ನಡ ಪ್ರತಿ ನಾನೇ ಮಾಡಿದೆ, ಕಂಪನಿ ಒಪ್ಪಿ ಪ್ರಿಂಟ್ ಹಾಕಿಸ್ತು, ಕಿರಾಣಿ ಅಂಗಡಿಯಲ್ಲಿ ಇಟ್ವಿ. ಹಿಯರಿಂಗಿನ ದಿನ ಲೋಡಿಂಗ್ ಕೆಲಸದ ಒಬ್ಬ ತಮ್ಮ ಮೈಕ್ ಹಿಡಿದು, ರಾತ್ರಿ ಲಾರಿಗೆ ಬೇರೆ ರಸ್ತೆ ಮಾಡ್ರಿ, ಇಲ್ಲಂದ್ರ ಹತ್ತರ ಮ್ಯಾಲೆ ಬಿಡಬ್ಯಾಡ್ರಿ ಅಂದ. ಅದು ವಿಡಿಯೋದಲ್ಲಿದೆ, ನಡಾವಳಿಯಲ್ಲಿದೆ, ಕಂಪನಿ ಲಿಖಿತ ಉತ್ತರ ಕೊಡಲೇಬೇಕಾಯ್ತು, ಕೊನೆಗೆ ಕ್ಲಿಯರೆನ್ಸ್ ಲೆಟರಲ್ಲಿ ರಾತ್ರಿ ಲಾರಿ ಬಂದ್ ಅನ್ನೋದು ಒಂದು ಕಂಡಿಷನ್ನಾಗಿ ಬಂತು.

ನಿಮ್ಮ ಊರಿನ ಹತ್ತಿರ ಯಾವುದಾದ್ರೂ ಪ್ರಾಜೆಕ್ಟಿನ ರಿಪೋರ್ಟ್ ಕೈಗೆ ಸಿಕ್ಕಿದ್ರೆ ಮೊದಲ ಪುಟದಿಂದ ಓದ್ತಾ ಕೂರಬೇಡಿ, ಸುಸ್ತಾಗ್ತೀರಿ. ನೇರ 3ನೇ ಅಧ್ಯಾಯ ತೆಗೀರಿ, ಸ್ಟೇಷನ್‌ಗಳ ಮ್ಯಾಪ್ ನೋಡಿ ನಿಮ್ಮ ಓಣಿ ಇದೆಯಾ ಅಂತ, ಸ್ಯಾಂಪಲ್ ತಗೊಂಡ ತಾರೀಖು ನೋಡಿ, ಹಬ್ಬ ರಜೆ ದಿನಗಳೇ ಜಾಸ್ತಿ ಇದ್ರೆ ಕೇಳಿ. ಆಮೇಲೆ 5ನೇ ಅಧ್ಯಾಯ, ಬೇರೆ ಜಾಗ ನಿಜವಾಗ್ಲೂ ನೋಡಿದಾರಾ ಅಂತ. ಹಿಯರಿಂಗಲ್ಲಿ ಬಾಯಲ್ಲಿ ಹೇಳಿದ್ದನ್ನ ಬರೆದೂ ಕೊಡಿ, ಒಂದು ಪ್ರತಿ ಮೇಲೆ ಸಹಿ ಸೀಲ್ ಹಾಕಿಸ್ಕೊಳ್ಳಿ. ಕ್ಲಿಯರೆನ್ಸ್ ಆದ ಮೇಲೂ ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕಂಡಿಷನ್ ಪಾಲಿಸಿದ್ದರ ಲೆಕ್ಕ, ಕಂಪ್ಲಯನ್ಸ್ ರಿಪೋರ್ಟ್ ಕೊಡಬೇಕು, ಅದು ಸಾರ್ವಜನಿಕ ದಾಖಲೆ, ನೀವೂ ಕೇಳಿ ಪಡೀಬಹುದು. ವಸ್ತಿಯ ಹುಡುಗರಿಗೆ ಆ ಲಾರಿ ಕಂಡಿಷನ್ನಿನ ನಂಬರ್ ಬರೆದು ಕೊಟ್ಟಿದೀನಿ, ರಾತ್ರಿ ಹತ್ತರ ಮೇಲೆ ಲಾರಿ ಬಂದ್ರೆ ತಾರೀಖು, ಟೈಮು, ಗಾಡಿ ನಂಬರ್ ಬರೆದು ಫೋಟೋ ಜೊತೆ ಪೊಲ್ಯೂಷನ್ ಬೋರ್ಡಿಗೂ ಕೇಂದ್ರ ಪರಿಸರ ಸಚಿವಾಲಯದ ರೀಜನಲ್ ಆಫೀಸಿಗೂ ಕಳಿಸಿ ಅಂತ ಹೇಳಿದೀನಿ, ಕಳಿಸ್ತಿದಾರೆ.