ಎಕ್ಸಲೇಟರ್ ಬಿಟ್ಟರೂ ಗಾಡಿ ಕೂಗುತ್ತಲೇ ಇದೆಯಾ? ಹಳೇ ಬೈಕಿನ ಕಾರ್ಬೊರೇಟರ್ ಬಿಚ್ಚುವ ಮುಂಚೆ ಇಷ್ಟು ನೋಡಿ

ತುಮಕೂರು ಹತ್ತಿರದ ದೇವರಾಯನದುರ್ಗದಿಂದ ಇಳಿಯುವಾಗ ಎರಡನೇ ತಿರುವಿನಲ್ಲಿ ಎಕ್ಸಲೇಟರ್ ಬಿಟ್ಟೆ. ಇಂಜಿನ್ ಬಿಡಲಿಲ್ಲ, ಕೂಗುತ್ತಲೇ ಇತ್ತು. ಕೀ ಆಫ್ ಮಾಡಿ, ಎರಡೂ ಬ್ರೇಕ್ ಒತ್ತಿ, ಬಂಡೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಹಿಂದೆ ಕೂತಿದ್ದ ನಮ್ಮ ಭಾವ ಮಾತಿಲ್ಲದೆ ಇಳಿದರು. ಹೆಲ್ಮೆಟ್ ತೆಗೆದು ಕೈಗೆ ಕೊಟ್ಟು, "ನಾನು ಬಸ್ಸಲ್ಲಿ ಬರ್ತೀನಿ ಕಣಯ್ಯಾ" ಅಂದರು.

ಗಾಡಿ ಹಳೇ ಯೆಜ್ಡಿ 250. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಆ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಂದರೆ ಈಗ ಓಡುತ್ತಿರುವ ಹಳೇ ಯೆಜ್ಡಿಗಳಲ್ಲಿ ಅತಿ ಚಿಕ್ಕದಕ್ಕೂ ಮದುವೆ ವಯಸ್ಸು ದಾಟುತ್ತಾ ಬಂದಿದೆ. ಇಂಥ ಗಾಡಿಯ ಕಾರ್ಬೊರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ, ಹಿಡಿದುಕೊಂಡರೆ ಎಲ್ಲರೂ ಹೇಳುವುದು ಒಂದೇ: "ಕಸ ಕೂತಿದೆ, ಬಿಚ್ಚಿ ತೊಳೀರಿ." ನಾನೂ ತೊಳೆದೆ. ಒಂದಲ್ಲ, ಮೂರು ಸಲ. ಮೂರು ಸಲವೂ ಹಿಡಿದುಕೊಂಡಿತು. ಯಾಕೆ ಅಂತ ಮುಂದೆ ಹೇಳುತ್ತೇನೆ, ಆ ಕಥೆಯಲ್ಲಿ ನನ್ನ ಮರ್ಯಾದೆ ಅಷ್ಟೇನೂ ಉಳಿಯುವುದಿಲ್ಲ.

ಹಿಡಿದಿರುವುದು ಎಲ್ಲಿ?

ಪಾನಾ ಎತ್ತಿಕೊಳ್ಳುವ ಮುಂಚೆ ಇದೊಂದು ಪ್ರಶ್ನೆ ಕೇಳಿಕೊಳ್ಳಿ. ಎಕ್ಸಲೇಟರ್ ಹಿಡಿಯಿಂದ ಒಂದು ಕೇಬಲ್ ಹೊರಟು ಕಾರ್ಬೊರೇಟರಿನ ತಲೆಯೊಳಗೆ ಇಳಿಯುತ್ತದೆ. ಅದರ ತುದಿಗೆ ಲೋಟದಂಥ ಒಂದು ಸ್ಲೈಡ್. ಸ್ಲೈಡ್ ಮೇಲೆ ಸ್ಪ್ರಿಂಗ್. ನೀವು ತಿರುಗಿಸಿದರೆ ಕೇಬಲ್ ಎಳೆದು ಸ್ಲೈಡ್ ಮೇಲೇಳುತ್ತದೆ, ಇಂಜಿನ್‌ಗೆ ಗಾಳಿ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಬಿಟ್ಟರೆ ಸ್ಪ್ರಿಂಗ್ ಅದನ್ನು ಕೆಳಕ್ಕೆ ತಳ್ಳುತ್ತದೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಹಿಡಿಯಬಹುದು. ಎಲ್ಲಿ ಹಿಡಿದರೂ ಬೈಗುಳ ಮಾತ್ರ ಕಾರ್ಬೊರೇಟರ್‌ಗೆ.

ಗಾಡಿ ಆಫ್ ಇರುವಾಗ ಪೂರ್ತಿ ತಿರುಗಿಸಿ ಬಿಡಿ. ಕೆಳಗಿನಿಂದ "ಟಕ್" ಅಂತ ಶಬ್ದ ಬರಬೇಕು. ಬರದಿದ್ದರೆ ಹಿಡಿಯನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ ನೋಡಿ. ಹಿಡಿಯೇ ಗಟ್ಟಿಯಾಗಿ ನಿಧಾನಕ್ಕೆ ಬರುತ್ತಿದ್ದರೆ ತೊಂದರೆ ಹಿಡಿಯಲ್ಲೋ ಕೇಬಲ್‌ನಲ್ಲೋ ಇದೆ. ಹಿಡಿ ಸಡಿಲವಾಗಿ ಸುಮ್ನೆ ತಿರುಗುತ್ತಿದ್ದು, ಕೇಬಲ್ ಜೋಲು ಬಿದ್ದಿದ್ದರೆ ಸ್ಲೈಡ್ ಒಳಗೇ ಕಚ್ಚಿಕೊಂಡಿದೆ ಅಂತ ಅರ್ಥ. ದುರ್ಗದ ತಿರುವಿನಲ್ಲಿ ನನ್ನ ಕೈಗೆ ಸಿಕ್ಕಿದ್ದು ಜೋಲು ಬಿದ್ದ ಹಿಡಿಯೇ. ಆದರೆ ಆಗ ಯೋಚನೆ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ.

ಇನ್ನೂ ಅನುಮಾನವಿದ್ದರೆ ಕಾರ್ಬೊರೇಟರಿನ ಮೇಲಿನ ಮುಚ್ಚಳ ಬಿಚ್ಚಿ ಸ್ಲೈಡನ್ನು ಮೇಲಕ್ಕೆ ಎಳೆದುಕೊಳ್ಳಿ. ಅದು ಗಾಳಿಯಲ್ಲಿ ನೇತಾಡುತ್ತಿರುವಾಗ ಎಕ್ಸಲೇಟರ್ ತಿರುಗಿಸಿ. ಈಗಲೂ ಗಟ್ಟಿಯಿದ್ದರೆ ಕಾರ್ಬೊರೇಟರ್ ನಿರಪರಾಧಿ.

ಕೇಬಲ್ ಕೆಲಸ

ಇದು ಸುಲಭ. ಕೇಬಲ್ ಬಿಚ್ಚಿ ಎರಡೂ ತುದಿ ನೋಡಿ. ಒಂದೇ ಒಂದು ಎಳೆ ಬಿಟ್ಟುಕೊಂಡಿದ್ದರೂ ಹೊಸದು ಹಾಕಿ, ಎಣ್ಣೆ ಬಿಟ್ಟು ಸಮಾಧಾನ ಮಾಡಿಕೊಳ್ಳಬೇಡಿ. ಎಳೆ ಚೆನ್ನಾಗಿದ್ದರೆ ಕೇಬಲನ್ನು ಗೋಡೆಯ ಮೊಳೆಗೆ ನೇತುಹಾಕಿ. ಮೇಲ್ತುದಿಗೆ ಪ್ಲಾಸ್ಟಿಕ್ ಕವರ್ ತುಂಡನ್ನು ಆಲಿಕೆಯ ಹಾಗೆ ಸುತ್ತಿ ದಾರ ಬಿಗಿಯಿರಿ. ಹೊಲಿಗೆ ಮೆಷಿನ್‌ಗೆ ಬಿಡುವಂಥ ತೆಳು ಎಣ್ಣೆ ಒಂದು ಚಮಚ ಹಾಕಿ. ರಾತ್ರಿಯೆಲ್ಲ ಇಳಿಯಲಿ. ಬೆಳಗ್ಗೆ ಕೆಳಗಿನಿಂದ ಕಪ್ಪು ನೀರಿನಂತೆ ತೊಟ್ಟಿಕ್ಕಿರುತ್ತದೆ. ಹ್ಯಾಂಡಲ್ ಮೇಲಿನ ಹಿಡಿಯನ್ನೂ ಕಳಚಿ, ಮೇಣದಂತಾಗಿರುವ ಹಳೇ ಗ್ರೀಸ್ ಒರೆಸಿ, ಹೊಸದು ತೆಳ್ಳಗೆ ಸವರಿ.

ಈಗ ಕಾರ್ಬೊರೇಟರ್

ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿ. ಕೆಲಸ ಬಯಲಲ್ಲಿ ಇರಲಿ. ಹತ್ತಿರ ಬೀಡಿಯೂ ಬೇಡ, ದೇವರ ದೀಪವೂ ಬೇಡ. ಒಂದು ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ, ಬಿಚ್ಚಿದ್ದೆಲ್ಲ ಅದರಲ್ಲೇ ಇರಲಿ. ಪ್ರತಿಯೊಂದು ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಅದರಲ್ಲೂ ಸ್ಲೈಡ್ ಒಳಗಿನ ಉದ್ದ ಸೂಜಿಯ ಕ್ಲಿಪ್ ಎಷ್ಟನೇ ಗೆರೆಯಲ್ಲಿ ಕೂತಿದೆ ಅನ್ನುವುದು. ಒಂದು ಗೆರೆ ಮೇಲೆ ಕೆಳಗೆ ಆದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ.

ಒಳಗೆ ಕಂದು ಬಣ್ಣದ ಅಂಟು ಕಾಣಬಹುದು. ಹಲಸಿನ ಹಣ್ಣು ಬಿಡಿಸಿದ ಚಾಕುವಿನ ಮೇಲೆ ಕೂತ ಹಾಗೆ. ಪೆಟ್ರೋಲ್ ಹಾರಿಹೋದ ಮೇಲೆ ಉಳಿಯುವ ಮಡ್ಡಿ ಅದು. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಇದು ಇನ್ನೂ ಜಾಸ್ತಿ. ನಾವು ಪೆಟ್ರೋಲ್‌ಗೇ ಆಯಿಲ್ ಬೆರೆಸುತ್ತೇವೆ, ನಾನು ಹಾಕುವುದು ಲೀಟರ್‌ಗೆ 40 ಎಂ.ಎಲ್. ನಿಲ್ಲಿಸಿಟ್ಟ ಗಾಡಿಯಲ್ಲಿ ಪೆಟ್ರೋಲ್ ಆವಿಯಾಗುತ್ತದೆ, ಆಯಿಲ್ ಎಲ್ಲಿಗೂ ಹೋಗುವುದಿಲ್ಲ. ಮತ್ತೆ ಪೆಟ್ರೋಲ್ ಬಿಟ್ಟರೆ ಮತ್ತೆ ಅದೇ. ಆರು ತಿಂಗಳಲ್ಲಿ ತಳದಲ್ಲಿ ಜೋನಿಬೆಲ್ಲ.

ಬಿಳಿ ಪುಡಿ ಕಂಡರೆ ಅದು ಬೇರೆ ಕಾಯಿಲೆ, ನೀರಿನ ಕೆಲಸ. 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಅದೇ ದಿನ ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತು, ಅದಕ್ಕೇ ತಾರೀಕು ನೆನಪಿದೆ. ಎಥೆನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ದಿನಾ ಓಡುವ ಗಾಡಿಗೆ ಅದು ಅಷ್ಟು ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯಲ್ಲಿ ಆ ತೇವ ತಳಕ್ಕೆ ಸೇರಿ ಲೋಹವನ್ನು ತಿನ್ನುತ್ತದೆ. ಹಳೇ ರಬ್ಬರ್ ಪೈಪು, ವಾಷರ್‌ಗಳೂ ಉಬ್ಬುತ್ತವೆ ಇಲ್ಲವೇ ಬಿರುಕು ಬಿಡುತ್ತವೆ. ಆದ್ದರಿಂದ ಎರಡು ಮೂರು ವಾರ ಓಡಿಸುವುದಿಲ್ಲ ಅಂತಾದರೆ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನ ತಳದಲ್ಲಿ ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಬುರುಡೆ) ಇರುವ ಬಟ್ಟಲಿನ ಪೆಟ್ರೋಲನ್ನು ಬಾಟಲಿಗೆ ಇಳಿಸಿಬಿಡಿ. ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿದರೆ ಸಾಕು ಅನ್ನುತ್ತಾರೆ. ಆಗಲೂ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ, ಇಳಿಸುವುದೇ ವಾಸಿ.

ಸ್ಲೈಡ್ ಮೇಲೆ ಬರುತ್ತಲೇ ಇಲ್ಲವಾ? ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಒಂದು ಗೀರು ಬಿದ್ದರೆ ಅದು ಜೀವಮಾನದ ತೊಂದರೆ. ಪೆಟ್ರೋಲ್ ಪೂರ್ತಿ ಚೆಲ್ಲಿ, ರಬ್ಬರ್ ಭಾಗಗಳನ್ನೆಲ್ಲ ತೆಗೆದು, ಬಾಡಿಯನ್ನು ಥಿನ್ನರ್‌ನಲ್ಲಿ ಒಂದು ರಾತ್ರಿ ನೆನೆಸಿ. ಬೆಳಗ್ಗೆ ಒರೆಸಿ ಚೆನ್ನಾಗಿ ಆರಿಸಿ. ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೆ ಬಾಡಿಯ ಹೊರಗಡೆ ಬಿಸಿನೀರು ಹೊಯ್ಯಿರಿ. ಲೋಹ ಕೂದಲೆಳೆಯಷ್ಟು ಹಿಗ್ಗುತ್ತದೆ. ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರೆ ಸಾಮಾನ್ಯವಾಗಿ ಬಿಡುತ್ತದೆ. ಬೆಂಕಿ ತೋರಿಸುವ ಯೋಚನೆಯೇ ಬೇಡ.

ಇನ್ನೊಂದು ಮಾತು. ಹಿತ್ತಾಳೆ ಚೊಂಬಿಗೆ ಹಚ್ಚುವ ಹುಣಸೆಹಣ್ಣನ್ನು ಕಾರ್ಬೊರೇಟರ್‌ಗೂ ಹಚ್ಚುವವರನ್ನು ನೋಡಿದ್ದೇನೆ. ಫಳಫಳ ಹೊಳೆಯುತ್ತದೆ, ನಿಜ. ಆದರೆ ಬಾಡಿ ಹಿತ್ತಾಳೆಯಲ್ಲ. ಹುಳಿ ಅದನ್ನು ತಿನ್ನುತ್ತದೆ. ಮರಳು ಕಾಗದವೂ ಬೇಡ. ಬನಿಯನ್ ಬಟ್ಟೆಗೆ ಮೆಟಲ್ ಪಾಲಿಶ್ ಸ್ವಲ್ಪ ಹಚ್ಚಿ ಸ್ಲೈಡನ್ನು ಉಜ್ಜಿ, ಪೂರ್ತಿ ತೊಳೆದು ಒಣಗಿಸಿ.

ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ತುಂಡಿಗೆ ಜೆಟ್ ಅನ್ನುತ್ತಾರೆ. ಆ ತೂತು ಬಿಡಿಸಲು ನಮ್ಮ ಕಡೆ ಸುಲಭಕ್ಕೆ ಸಿಗುವುದು ತೆಂಗಿನ ಪೊರಕೆ ಕಡ್ಡಿ. ಚಿಕ್ಕ ಜೆಟ್‌ಗೆ ಅದು ದಪ್ಪ, ತುದಿ ಮುರಿದು ಒಳಗೇ ಉಳಿದರೆ ಇನ್ನೊಂದು ಕೆಲಸ. ಉಕ್ಕಿನ ಸೂಜಿ ತೂತನ್ನೇ ದೊಡ್ಡದು ಮಾಡುತ್ತದೆ. ಹಳೇ ವೈರ್‌ನಿಂದ ತಾಮ್ರದ ಒಂದೇ ಎಳೆ ಬಿಡಿಸಿಕೊಳ್ಳಿ, ಇಲ್ಲವೇ ಮೀನಿನ ಗಾಳದ ನೈಲಾನ್ ದಾರ. ಆಮೇಲೆ ಗಾಳಿ ಹೊಡೆಸಿ, ಆಕಾಶಕ್ಕೆ ಹಿಡಿದು ನೋಡಿ. ತೂತು ದುಂಡಗೆ ಬೆಳಕಾಗಿ ಕಾಣಬೇಕು.

ನನ್ನ ಮೂರು ಸಲದ ಕಥೆ

ಇಷ್ಟೆಲ್ಲ ನಾನೂ ಮಾಡಿದ್ದೆ. ಕೈಯಲ್ಲಿ ಹಿಡಿದರೆ ಸ್ಲೈಡ್ ಎಣ್ಣೆಯಲ್ಲಿ ಜಾರಿದ ಹಾಗೆ ಬೀಳುತ್ತಿತ್ತು. ಗಾಡಿಗೆ ಕಟ್ಟಿ ಹತ್ತು ಕಿಲೋಮೀಟರ್ ಹೋದರೆ ಮತ್ತೆ ಕಚ್ಚುತ್ತಿತ್ತು. ಇನ್ನೂ ಕಸ ಇರಬೇಕು ಅಂದುಕೊಂಡು ಮತ್ತೆ ಬಿಚ್ಚಿ, ಮತ್ತೆ ತೊಳೆದು, ಈ ಸಲ ಸಡಿಲ ಇರಬಾರದು ಅಂತ ಇನ್ನೂ ಸ್ವಲ್ಪ ಬಿಗಿದು ಕೂರಿಸುತ್ತಿದ್ದೆ.

ಕೊನೆಗೆ ಶಿರಾ ಗೇಟ್ ಹತ್ತಿರದ ಒಬ್ಬ ಹಳೇ ಮೇಸ್ತ್ರಿಯ ಬಳಿ ತಳ್ಳಿಕೊಂಡು ಹೋದೆ. ಅವರು ಏನನ್ನೂ ಬಿಚ್ಚಲಿಲ್ಲ. ಎಕ್ಸಲೇಟರ್ ತಿರುಗಿಸಿ ಬಿಟ್ಟರು, ಶಬ್ದ ಬರಲಿಲ್ಲ. ಕಾರ್ಬೊರೇಟರನ್ನು ಇಂಜಿನ್‌ಗೆ ಹಿಡಿದಿರುವ ಎರಡು ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಿದರು. ಮತ್ತೆ ತಿರುಗಿಸಿ ಬಿಟ್ಟರು. ಟಕ್!

"ಕಾರ್ಬೊರೇಟರ್‌ಗೆ ಏನೂ ಆಗಿಲ್ಲ ಸಾರ್. ನಿಮ್ಮ ಕೈಗೆ ಬಲ ಜಾಸ್ತಿ ಆಗಿದೆ."

ಆಗಿದ್ದು ಇಷ್ಟು. ಆ ಎರಡು ನಟ್ ಕೂರುವ ಚಪ್ಪಟೆ ಕಿವಿಗಳಿಗೆ ಫ್ಲೇಂಜ್ ಅನ್ನುತ್ತಾರೆ. ಮೆತ್ತನೆಯ ಲೋಹ. ಜಾಸ್ತಿ ಬಿಗಿದರೆ ಕಿವಿಗಳು ಇಂಜಿನ್ ಕಡೆ ಬಾಗುತ್ತವೆ. ಅದರ ಜೊತೆ ಸ್ಲೈಡ್ ಓಡಾಡುವ ದುಂಡನೆ ಗೂಡೂ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಸ್ಲೈಡ್‌ಗೆ ಗೊತ್ತಾಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಇನ್ನೂ ಕಷ್ಟ. ಬಿಚ್ಚಿ ಕೈಗೆ ತೆಗೆದುಕೊಂಡ ತಕ್ಷಣ ಒತ್ತಡ ಹೋಗಿ ಎಲ್ಲ ಸರಿ. ಅದಕ್ಕೇ ತೊಳೆದಾಗಲೆಲ್ಲ ವಾಸಿಯಾದ ಹಾಗೆ ಕಾಣುತ್ತಿತ್ತು.

ನೀವೂ ಈ ಅರ್ಧ ಸುತ್ತಿನ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿ. ಫ್ಲೇಂಜ್ ಬಾಗಿದೆಯಾ ನೋಡಲು ಅದರ ಮುಖಕ್ಕೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಬಾಗಿದೆ. ದಪ್ಪ ಗಾಜಿನ ಮೇಲೆ 400 ನಂಬರಿನ ನೀರು ಕಾಗದ (ನೀರು ಹಾಕಿ ಉಜ್ಜುವ ಮರಳು ಕಾಗದ) ಅಂಟಿಸಿ, ನೀರು ಚಿಮುಕಿಸಿ, ಫ್ಲೇಂಜ್ ಮುಖವನ್ನು 8ರ ಆಕಾರದಲ್ಲಿ ನಿಧಾನಕ್ಕೆ ಉಜ್ಜಿ. ಮುಖ ಪೂರ್ತಿ ಒಂದೇ ಬಣ್ಣಕ್ಕೆ ಬರುವವರೆಗೆ. ಉಜ್ಜಿದ ಪುಡಿ ಒಳಗೆ ಉಳಿಯದ ಹಾಗೆ ತೊಳೆಯಿರಿ. ಹೊಸ ಗ್ಯಾಸ್ಕೆಟ್ ಹಾಕಿ, ಗಿಡ್ಡ ಪಾನಾದಲ್ಲಿ, ಆ ಕಡೆ ಕಾಲು ಸುತ್ತು ಈ ಕಡೆ ಕಾಲು ಸುತ್ತು ಅಂತ ಬಿಗಿಯಿರಿ. ಬೆರಳಿನ ಬಲ ಸಾಕು, ತೋಳಿನ ಬಲ ಬೇಡ. ಪ್ರತಿ ಕಾಲು ಸುತ್ತಿಗೂ ಸ್ಲೈಡ್ ಎತ್ತಿ ಬಿಟ್ಟು ನೋಡುತ್ತಾ ಹೋಗಿ.

ಪೆಟ್ರೋಲ್ ಸೋರುತ್ತಿದ್ದರೆ

ಇದೂ ಅಂಟಿಕೊಳ್ಳುವ ಕಾಯಿಲೆಯೇ, ಜಾಗ ಬೇರೆ. ಫ್ಲೋಟ್ ಮೇಲೆದ್ದಾಗ ಒಂದು ಚಿಕ್ಕ ಸೂಜಿ ಪೆಟ್ರೋಲ್ ದಾರಿ ಮುಚ್ಚಬೇಕು. ಅದು ಅಂಟಿದರೆ ಗಾಡಿ ನಿಂತಲ್ಲೇ ಓವರ್‌ಫ್ಲೋ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಎರಡು ಸಲ ತಟ್ಟಿ ನೋಡಿ. ನಿಂತರೆ ಅಂಟು ಅಥವಾ ಕಸ. ನಿಲ್ಲದಿದ್ದರೆ ಸೂಜಿ ತೆಗೆದು ತುದಿ ನೋಡಿ. ಬಳೆಯಂತೆ ಗೆರೆ ಬಿದ್ದಿದ್ದರೆ ಬದಲಾಯಿಸಿ. ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕುಲು ಅಂದರೆ ತೂತಾಗಿ ಪೆಟ್ರೋಲ್ ಕುಡಿದಿದೆ. ಜಾವಾ, ಯೆಜ್ಡಿಯ ಹಳೇ ಜಿಕೋವ್ ಕಾರ್ಬೊರೇಟರ್ ಆದರೆ ಫ್ಲೋಟ್ ಮೇಲಿನ ಟಿಕ್ಲರ್ ಗುಂಡಿಯನ್ನೂ (ಸ್ಟಾರ್ಟ್ ಮಾಡುವ ಮುಂಚೆ ಪೆಟ್ರೋಲ್ ತುಂಬಿಸಲು ಒತ್ತುವುದು) ನೋಡಿ. ಒತ್ತಿದ್ದು ವಾಪಸ್ ಏಳದೆ ಫ್ಲೋಟನ್ನು ಅದುಮಿ ಹಿಡಿದಿದ್ದರೆ ಸೂಜಿ ಏನು ಮಾಡೀತು ಪಾಪ. ಕಸ ಪದೇ ಪದೇ ಬರುತ್ತಿದ್ದರೆ ಟ್ಯಾಂಕಿನೊಳಗೆ ಟಾರ್ಚ್ ಬಿಡಿ, ತುಕ್ಕು ಅಲ್ಲೇ ಇರುತ್ತದೆ.

ವಾಪಸ್ ಜೋಡಿಸುವಾಗ

ಸ್ಲೈಡಿನ ತಳದಲ್ಲಿ ಒಂದು ಕಡೆ ಓರೆಯಾಗಿ ಕತ್ತರಿಸಿರುತ್ತದೆ. ಆ ಕಡೆ ಏರ್ ಫಿಲ್ಟರ್‌ಗೆ ಮುಖ ಮಾಡಬೇಕು. ಸ್ಲೈಡಿನ ಪಕ್ಕದಲ್ಲಿ ಉದ್ದಕ್ಕೆ ಕೊರೆದಿರುವ ಗಾಡು ಬಾಡಿಯೊಳಗಿನ ಪಿನ್ ಮೇಲೆ ಕೂರಬೇಕು. ಉಲ್ಟಾ ಒತ್ತಿ ಕೂರಿಸಿದರೆ ಪೂರ್ತಿ ಕೆಳಗಿಳಿಯದೆ ಕಿಕ್ ಹೊಡೆದ ತಕ್ಷಣ ಇಂಜಿನ್ ಕಿರುಚುತ್ತದೆ. ಸ್ಲೈಡ್‌ಗೆ ಗ್ರೀಸ್ ಹಚ್ಚಬೇಡಿ, ಧೂಳು ಹಿಡಿದು ಅದೇ ಇನ್ನೊಂದು ಅಂಟಾಗುತ್ತದೆ. ಗಾಳಿಯ ಅಳತೆ ಸರಿಮಾಡುವ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ಬಿಡಿ. ಅಲ್ಲಿಂದ ಇಂಜಿನ್ ಬಿಸಿಯಾದ ಮೇಲೆ ಆ ಕಡೆ ಈ ಕಡೆ ಸರಿ ಮಾಡಿಕೊಳ್ಳಬಹುದು.

ಗಾಡಿ ಸ್ಟಾರ್ಟ್ ಮಾಡಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಶಬ್ದ ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ. ಟ್ಯಾಂಕ್ ಕೆಳಗೆ ಅದರ ದಾರಿ ಬದಲಿಸಿ, ಸ್ವಲ್ಪ ಸಡಿಲ ಬಿಡಿ.

ಕೊನೆಯ ಪರೀಕ್ಷೆ ಮನೆ ಮುಂದೆ ಆಗುವುದಿಲ್ಲ, ಇಂಜಿನ್ ಚೆನ್ನಾಗಿ ಕಾಯಬೇಕು. ನಾನು ಕ್ಯಾತ್ಸಂದ್ರಕ್ಕೆ ಹೋಗುತ್ತೇನೆ. ನಿಲ್ಲಿಸಿ, ಆಫ್ ಮಾಡಿ, ಬಿಸಿ ಇರುವಾಗಲೇ ಎಕ್ಸಲೇಟರನ್ನು ಹತ್ತು ಸಲ ತಿರುಗಿಸಿ ಬಿಡುತ್ತೇನೆ. ಹತ್ತಕ್ಕೆ ಹತ್ತೂ ಟಕ್ ಅನ್ನಬೇಕು. ಒಂಬತ್ತು ಅಂದರೆ ತಟ್ಟೆ ಇಡ್ಲಿ ತಿಂದು, ಗಾಡಿ ಆರಿದ ಮೇಲೆ ನಿಧಾನಕ್ಕೆ ಮನೆಗೆ ಬಂದು, ಆ ಎರಡು ನಟ್‌ಗಳಿಂದ ಮತ್ತೆ ಶುರು. ಭಾವ ಮಾತ್ರ ಇನ್ನೂ ಬಸ್ಸಲ್ಲೇ ಬರುತ್ತಾರೆ.