ಅಘನಾಶಿನಿ ಅಳಿವೆಯಲ್ಲಿ ನೆಲದ ಸಾವಯವ ವಸ್ತುವನ್ನು ಬೆಳಕಿನಿಂದ ಗುರುತಿಸುವ ವಿಧಾನ

ಉತ್ತರ ಕನ್ನಡದ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಕಾಡಿನ ತರಗೆಲೆಯಿಂದಲೂ ಮಣ್ಣಿನಿಂದಲೂ ಕರಗಿ ಬಂದ ಸಾವಯವ ಇಂಗಾಲ ಎಲ್ಲಿಯೂ ತಂಗದೆ ತದಡಿಯ ಬಳಿ ಕಡಲು ಸೇರುತ್ತದೆ. ಲವಣಾಂಶವನ್ನು ಅಳೆದರೆ ಸಿಹಿನೀರು ಎಷ್ಟು ಬೆರೆತಿದೆ ಎಂಬುದು ತಿಳಿಯುತ್ತದೆಯೇ ಹೊರತು, ಆ ನೀರು ತಂದ ಇಂಗಾಲ ಹಾಗೇ ಉಳಿದಿದೆಯೇ ಅಥವಾ ಬಿಸಿಲಿಗೆ ಒಡೆದುಹೋಗಿದೆಯೇ ಎಂಬುದು ತಿಳಿಯುವುದಿಲ್ಲ. ಆ ಪ್ರಶ್ನೆಗೆ ನೀರು ಅತಿನೇರಳೆ ಬೆಳಕನ್ನು ಹೀರುವ ರೀತಿಯಲ್ಲಿ ಉತ್ತರವಿದೆ. ಗಿಡಮರಗಳಿಗೆ ಗಡಸುತನ ಕೊಡುವ ಲಿಗ್ನಿನ್‌ನಿಂದ ಬಂದ ದೊಡ್ಡ ಅಣುಗಳು ಹೆಚ್ಚಿನ ತರಂಗಾಂತರದಲ್ಲಿಯೂ ಬೆಳಕನ್ನು ಹೀರುವುದರಿಂದ ನದಿನೀರಿನ ಹೀರಿಕೆಯ ರೇಖೆ ನಿಧಾನವಾಗಿ ಇಳಿಯುತ್ತದೆ. ಕಡಲನೀರಿನದು ಕಡಿದಾಗಿ ಇಳಿಯುತ್ತದೆ. 275ರಿಂದ 295 ನ್ಯಾನೋಮೀಟರ್ ನಡುವಿನ ಈ ಇಳಿಜಾರು ನದಿಯಲ್ಲಿ ಸಾಮಾನ್ಯವಾಗಿ ನ್ಯಾನೋಮೀಟರಿಗೆ 0.013ರಿಂದ 0.018ರಷ್ಟಿದ್ದು, ತೆರೆದ ಕಡಲಿನ ಮೇಲ್ನೀರಿನಲ್ಲಿ 0.03ನ್ನು ದಾಟುತ್ತದೆ.

ನೀರಿನ ಮಾದರಿಗಳನ್ನು ದೂರದ ಲೆಕ್ಕದಲ್ಲಿ ಹಂಚುವುದಕ್ಕಿಂತ ಲವಣಾಂಶದ ಲೆಕ್ಕದಲ್ಲಿ ಹಂಚಿ ತೆಗೆಯುವುದೇ ಸರಿ. ಉಬ್ಬರದ ಉಪ್ಪು ಮುಟ್ಟದ ಮೇಲ್ಭಾಗದ ಹೊಳೆಯಲ್ಲಿ ಒಂದು, ಅಳಿವೆಯ ಹೊರಗಿನ ಕಡಲಿನಲ್ಲಿ ಒಂದು ಕಡ್ಡಾಯವಾಗಿ ಬೇಕು. ಇವೆರಡು ತುದಿಗಳು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದಲ್ಲದೆ ಕಡಲೂ ಪ್ರಕ್ಷುಬ್ಧವಾಗಿರುವುದರಿಂದ, ಹೊರಗಿನ ಮಾದರಿಯ ಏರ್ಪಾಡನ್ನು ಮೊದಲೇ ಯೋಚಿಸಿಕೊಳ್ಳಬೇಕು.

ನೀರನ್ನು ಅದೇ ದಿನ 0.2 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಬೇಕು. ಹೊಸ ಫಿಲ್ಟರ್ ತಾನೇ ಸಾವಯವ ವಸ್ತುವನ್ನು ಬಿಡುವುದರಿಂದ ಮೊದಲು ಶುದ್ಧ ನೀರನ್ನೂ ಅನಂತರ ಮಾದರಿಯ ಸ್ವಲ್ಪ ನೀರನ್ನೂ ಹಾಯಿಸಿ ಚೆಲ್ಲಬೇಕು. ಸೋಸಿದ ನೀರನ್ನು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಶುಚಿಗೊಳಿಸಿದ ಕಂದು ಗಾಜಿನ ಬಾಟಲಿಯಲ್ಲಿ ತುಂಬಿ, ಕತ್ತಲಲ್ಲಿ 4 ಡಿಗ್ರಿಯಲ್ಲಿ ಇಡಬೇಕು. ಕೆಡದಿರಲೆಂದು ಸೋಡಿಯಂ ಅಝೈಡ್ ಹಾಕಬಾರದು, ಏಕೆಂದರೆ ಅದೂ ಅತಿನೇರಳೆ ಬೆಳಕನ್ನು ಹೀರುತ್ತದೆ.

ಅಳೆಯುವ ಮೊದಲು ಬಾಟಲಿಯು ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಬೇಕು. ಕರಾವಳಿಯ ಮಳೆಗಾಲದ ತೇವದಲ್ಲಿ ತಣ್ಣನೆಯ ನೀರು ತುಂಬಿದ ಕ್ಯುವೆಟ್‌ನ (ಅಳೆಯುವ ನೀರನ್ನು ತುಂಬುವ ಪಾರದರ್ಶಕ ಪಾತ್ರೆಯ) ಹೊರಮೈ ಕ್ಷಣದಲ್ಲಿ ಮಂಜಾಗುತ್ತದೆ, ಆ ಮಂಜು ಬೆಳಕಿನ ಹೀರಿಕೆಯನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿಗೆ ಹೀರಿಕೆಯಂತೆಯೇ ಕಾಣುತ್ತದೆ. ಕಡಲಿನ ಕಡೆಯ ಮಾದರಿಗಳಿಗೆ 10 ಸೆಂಟಿಮೀಟರಿನ, ಹೊಳೆಯ ಗಾಢ ನೀರಿಗೆ 1 ಸೆಂಟಿಮೀಟರಿನ ಕ್ವಾರ್ಟ್ಜ್ ಕ್ಯುವೆಟ್ ಬಳಸಿ, 240ರಿಂದ 750 ನ್ಯಾನೋಮೀಟರಿನವರೆಗೆ ಶುದ್ಧ ನೀರಿನೆದುರು ಅಳೆಯಬೇಕು. ಉಪ್ಪುನೀರಿನ ವಕ್ರೀಭವನ ಬೇರೆಯಾದ್ದರಿಂದ ಇಡೀ ರೇಖೆ ತುಸು ಮೇಲೆ ಅಥವಾ ಕೆಳಗೆ ಸರಿದಿರುತ್ತದೆ. 690ರಿಂದ 710ರವರೆಗಿನ ಸರಾಸರಿಯನ್ನು ಕಳೆದರೆ ಅದು ಸರಿಹೋಗುತ್ತದೆ. ಉಳಿದ ಅಳತೆಯನ್ನು 2.303ರಿಂದ ಗುಣಿಸಿ, ಕ್ಯುವೆಟ್‌ನ ಉದ್ದವನ್ನು ಮೀಟರಿನಲ್ಲಿ ಇಟ್ಟು ಭಾಗಿಸಿದರೆ ಹೀರಿಕೆ ಗುಣಾಂಕ ಸಿಗುತ್ತದೆ. ಅದರ ಸ್ವಾಭಾವಿಕ ಲಾಗರಿದಮ್‌ಗೆ 275ರಿಂದ 295ರವರೆಗೆ ಸರಳರೇಖೆ ಹೊಂದಿಸಿ, ಋಣಚಿಹ್ನೆ ಬಿಟ್ಟು ಬರೆದುಕೊಂಡ ಬೆಲೆಯೇ ಇಳಿಜಾರು.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಹೀರಿಕೆ ಗುಣಾಂಕವು ನೀರು ಬೆರೆತ ಪ್ರಮಾಣದಲ್ಲಿಯೇ ಬೆರೆಯುತ್ತದೆ, ಇಳಿಜಾರು ಹಾಗೆ ಬೆರೆಯುವುದಿಲ್ಲ. ಉದಾಹರಣೆಗೆ, 275ರಲ್ಲಿ ಹೊಳೆಯ ಗುಣಾಂಕ ಮೀಟರಿಗೆ 20, ಇಳಿಜಾರು 0.015 ಎಂದೂ, ಕಡಲಿನ ಗುಣಾಂಕ 1, ಇಳಿಜಾರು 0.030 ಎಂದೂ ಇಟ್ಟುಕೊಳ್ಳೋಣ. ಹತ್ತನೇ ಒಂದು ಪಾಲು ಮಾತ್ರ ಹೊಳೆನೀರು ಬೆರೆತರೆ ನೇರ ಸರಾಸರಿಯ ಪ್ರಕಾರ ಇಳಿಜಾರು 0.0285 ಆಗಬೇಕಿತ್ತು, ನಿಜವಾಗಿ ಬರುವುದು ಸುಮಾರು 0.0192. ಅರ್ಧಕ್ಕರ್ಧ ಬೆರೆತಾಗ ಅದು 0.0156, ಅಂದರೆ ಹೆಚ್ಚುಕಡಿಮೆ ಹೊಳೆಯದೇ. ಆದ್ದರಿಂದ ಎರಡು ತುದಿಗಳ ಇಡೀ ರೇಖೆಗಳನ್ನು ಲವಣಾಂಶದ ಪ್ರಮಾಣದಲ್ಲಿ ಬೆರೆಸಿ, ಬೆರೆತ ರೇಖೆಯಿಂದಲೇ ಇಳಿಜಾರನ್ನು ತೆಗೆದು, ಅಳೆದ ಬೆಲೆಯೊಂದಿಗೆ ಹೋಲಿಸಬೇಕು. ಇದನ್ನು ಮಾಡದೆ ಬರೆದ ಯಾವ ತೀರ್ಮಾನವನ್ನೂ ನಾನು ಒಪ್ಪಲಾರೆ.

ಅಳೆದ ಇಳಿಜಾರು ನಿರೀಕ್ಷೆಗಿಂತ ಕಡಿದಾಗಿದ್ದು ಹೀರಿಕೆ ಕಡಿಮೆಯಾಗಿದ್ದರೆ ಬಿಸಿಲು ಅಣುಗಳನ್ನು ಒಡೆದಿರುವ ಸಂಭವ ಹೆಚ್ಚು. ಉಪ್ಪು ಆಗಷ್ಟೇ ಬೆರೆಯುವ ಜಾಗದಲ್ಲಿಯೇ ಹೀರಿಕೆ ಕುಸಿದಿದ್ದರೆ, ಕೊಳೆತ ಸಸ್ಯಗಳಿಂದ ಬಂದ ಹ್ಯೂಮಿಕ್ ವಸ್ತುವೂ ಕಬ್ಬಿಣವೂ ಒಟ್ಟಿಗೆ ಗಟ್ಟಿಕಟ್ಟಿ ತಳ ಸೇರಿರಬಹುದೆಂದು ಮೊದಲು ಪರಿಶೀಲಿಸಬೇಕು. ಜಂಬಿಟ್ಟಿಗೆ ನೆಲದ ಹೊಳೆಗಳಲ್ಲಿ ಕಬ್ಬಿಣವನ್ನು ಬೇರೆಯಾಗಿ ಅಳೆಯುವುದು ಅಗತ್ಯ. ಕರಗಿದ ಫೆರಿಕ್ ಕಬ್ಬಿಣವೂ ಇದೇ ತರಂಗಾಂತರಗಳಲ್ಲಿ ಬೆಳಕನ್ನು ಹೀರಿ, ಇಲ್ಲದ ಸಾವಯವ ವಸ್ತುವನ್ನು ಇದ್ದಂತೆ ತೋರಿಸುತ್ತದೆ.

ಇಳಿಜಾರಿನಿಂದ ನೆಲದ ಇಂಗಾಲದ ಪ್ರಮಾಣವನ್ನೂ ಲೆಕ್ಕಹಾಕಬಹುದೆಂದು ಸಂಶೋಧಕರಾದ ಸೆಡ್ರಿಕ್ ಫಿಶೋ ಮತ್ತು ರೊನಾಲ್ಡ್ ಬೆನ್ನರ್ 2012ರಲ್ಲಿ ತೋರಿಸಿದರು. ಆದರೆ ಅವರ ಸಮೀಕರಣ ಮಿಸಿಸಿಪಿಯ ನೀರು ಬೆರೆಯುವ ಮೆಕ್ಸಿಕೋ ಕೊಲ್ಲಿಯ ಉತ್ತರ ಭಾಗದ ಮಾದರಿಗಳಿಂದ ಬಂದದ್ದು. ಇಲ್ಲಿನ ಕೆಲವು ಮಾದರಿಗಳಲ್ಲಾದರೂ ಲಿಗ್ನಿನ್ ಅಳೆದು ಹೊಂದಿಸದೆ ಅದನ್ನು ಅಘನಾಶಿನಿಗೆ ಅನ್ವಯಿಸುವಂತಿಲ್ಲ.

ಅಳಿವೆಯ ನಡುಭಾಗದಲ್ಲಿ ಹೀರಿಕೆ ನಿರೀಕ್ಷೆಗಿಂತ ಹೆಚ್ಚಿದ್ದು ಇಳಿಜಾರು ತಗ್ಗಿದ್ದರೆ ಅದು ಘಟ್ಟದಿಂದ ಬಂದದ್ದೆಂದು ಹೇಳಲಾಗದು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಎಲೆಯೂ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಕೊಳೆತ ಹುಲ್ಲೂ ಲಿಗ್ನಿನ್ ಉಳ್ಳವೇ. ಇಳಿತದ ಹೊತ್ತಿನಲ್ಲಿ ಕಾಂಡ್ಲಾ ನಡುವಿನ ತೋಡುಗಳಿಂದಲೂ ಗಜನಿಯ ನೀರು ಹೊಳೆಗೆ ಬೀಳುವ ತೂಬುಗಳ ಬಾಯಿಂದಲೂ ಬೇರೆ ಮಾದರಿಗಳನ್ನು ತೆಗೆದು, ಅವನ್ನು ಮೂರನೆಯ ತುದಿಯಾಗಿ ಲೆಕ್ಕದಲ್ಲಿ ಸೇರಿಸಬೇಕು.